ಕಂಡಕ್ಟರ್ ಸುಧಾರಾಣಿಯ ಬೆಂಕಿ

ಸುಧಾರಾಣಿ ತನ್ನ ಒಡಹುಟ್ಟಿದ ತಮ್ಮನನ್ನು ಮೊದಲ ಸಲ ಸುಟ್ಟಾಗ ಅವನು ಮಂಡಕ್ಕಿ ತಿನ್ನುತ್ತಿದ್ದ. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಮಂಡಕ್ಕಿಯ ಪೊಟ್ಟಣದಲ್ಲಿ. ಕಂಪ್ಯೂಟರಿನ ಪರದೆಯ ಮೇಲೆ ಅವನ ಯೋಧ ಗುಹೆಯ ಬಾಗಿಲಲ್ಲಿ ನಿಂತು ಅಸ್ಥಿಪಂಜರಗಳ ಮೇಲೆ ಕತ್ತಿ ಬೀಸುತ್ತಿದ್ದ. ಹಿಂದಿನಿಂದ ಬಂದ ಬೆಂಕಿಯುಂಡೆ ಅಸ್ಥಿಪಂಜರಗಳನ್ನೂ ಸುಟ್ಟಿತು, ಯೋಧನನ್ನೂ ಸುಟ್ಟಿತು, ಗುಹೆಯ ಬಾಗಿಲನ್ನೂ ಬಿಡಲಿಲ್ಲ.

“ಅಕ್ಕಾ, ನಾ ನಿನ್ನ ಕಡೆಯಾಂವ,” ಎಂದ ಲೋಹಿತ, ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ.

“ನನಗ ಗೊತ್ತೈತಿ. ಬೆಂಕಿಗೆ ಗೊತ್ತಿಲ್ಲ,” ಎಂದಳು ಸುಧಾರಾಣಿ.

ಹಾನಗಲ್ಲಿನ ಪೇಟೆಯಲ್ಲಿ ಲೋಹಿತನದು ಮೊಬೈಲ್ ರಿಪೇರಿ ಅಂಗಡಿ. ಮೇಲಿನ ಅಟ್ಟದಲ್ಲಿ ಅವನೇ ಹಳೆಯ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರುಗಳಿದ್ದವು. ಭಾನುವಾರ ಮಧ್ಯಾಹ್ನ ಶಟರ್ ಅರ್ಧಕ್ಕೆ ಎಳೆದು ಅಲ್ಲಿ ಒಂದು ಆಟ ನಡೆಯುತ್ತಿತ್ತು. ನಾಲ್ಕು ಮಂದಿ ಒಂದು ತಂಡವಾಗಿ, ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು, ಭೂತ-ಪಿಶಾಚಿಗಳಿರುವ ಗುಹೆಗಳಿಗೆ ಇಳಿದು, ಬದುಕಿದರೆ ಮೇಲೆ ಬರಬೇಕು. ಲೋಹಿತ ಮುಂದೆ ನಿಂತು ಕಾದುವ ಯೋಧ. ಸವಣೂರಿನ ಇಸಾಕ ಬಿಲ್ಲುಗಾರ. ಉಳಿದ ದಿನಗಳಲ್ಲಿ ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ವೀಳ್ಯದೆಲೆ ಸಾಗಿಸುತ್ತಿದ್ದ. ಹಿರೇಕೆರೂರಿನ ವಿದ್ಯಾ ಗಾಯಗೊಂಡವರಿಗೆ ಔಷಧಿ ಕೊಟ್ಟು ರಕ್ತ ತುಂಬುವವಳು. ಉಳಿದ ದಿನಗಳಲ್ಲಿ ಅಲ್ಲಿನದೊಂದು ಲ್ಯಾಬಿನಲ್ಲಿ ಕುಳಿತು ಬಂದವರ ರಕ್ತ ತೆಗೆಯುತ್ತಿದ್ದಳು. ನಾಲ್ಕನೆಯವನಾಗಿ ಒಬ್ಬ ಮಾಂತ್ರಿಕನಿದ್ದ. ಅವನಿಗೆ ಮದುವೆಯಾಯಿತು, ಭಾನುವಾರಗಳು ಹೆಂಡತಿಯ ಪಾಲಾದವು. ಬೇರೆ ಯಾರೂ ಸಿಗದೆ ಲೋಹಿತ ಅಕ್ಕನನ್ನು ಎಳೆದು ತಂದು ಆ ಕುರ್ಚಿಯಲ್ಲಿ ಕೂರಿಸಿದ್ದ.

ಸುಧಾರಾಣಿ ಹಾನಗಲ್ಲಿನಿಂದ ಶಿಗ್ಗಾಂವಿ ಮೇಲೆ ಸವಣೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮದುವೆಯ ಮಾತು ಎತ್ತಿದವರಿಗೆ “ಅದು ಮುಂದಿನ ಸ್ಟಾಪು” ಎನ್ನುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯತನಕ ಅವಳು ಹೇಳುವುದು ಒಂದೇ ಮಾತು: ಒಳಗೆ ಸರಿಯಿರಿ. ಜನ ಸರಿಯುವುದಿಲ್ಲ. ಬಾಗಿಲಲ್ಲೇ ನಿಲ್ಲುತ್ತಾರೆ, ಹಿಂದಿನ ಸೀಟು ಖಾಲಿ ಇದ್ದರೂ ಕಂಬ ಹಿಡಿದು ಜೋತಾಡುತ್ತಾರೆ, ಸೀಟುಗಳ ನಡುವಿನ ದಾರಿಗೆ ಅಡ್ಡಲಾಗಿ ಮೆಕ್ಕೆಜೋಳದ ಚೀಲ ಇಡುತ್ತಾರೆ. ಆಟದಲ್ಲಿ ಹಾಗಿರಲಿಲ್ಲ. ಅಲ್ಲಿ ಸರಿಯದವರು ಸುಟ್ಟು ಹೋಗುತ್ತಿದ್ದರು. ಆ ನ್ಯಾಯ ಅವಳಿಗೆ ಬಹಳ ಹಿಡಿಸಿತು.

ತೊಂದರೆ ಏನೆಂದರೆ, ಬೆಂಕಿ ಒಬ್ಬನ ಮೇಲೆ ಬೀಳುವಂಥದ್ದಲ್ಲ. ಜಾಗ ಗೊತ್ತು ಮಾಡಿದರೆ ಅವಳ ಪರದೆಯ ಮೇಲೆ, ನೆಲದಲ್ಲಿ, ಒಂದು ಕೆಂಪು ವೃತ್ತ ಮೂಡುತ್ತಿತ್ತು. ಉಸಿರೆಳೆದು ಬಿಡುವಷ್ಟು ಹೊತ್ತಿನ ಮೇಲೆ ಆ ವೃತ್ತದ ತುಂಬ ಬೆಂಕಿ. ಒಳಗಿದ್ದವರು ಶತ್ರುವೋ ಸ್ವಂತ ತಮ್ಮನೋ ಎಂದು ಆಟ ಕೇಳುತ್ತಿರಲಿಲ್ಲ. ಶತ್ರುಗಳು ಎಲ್ಲಿ ಗುಂಪುಗೂಡುತ್ತಿದ್ದರು? ಲೋಹಿತನ ಸುತ್ತ. ಹೀಗಾಗಿ ವಾರವಾರವೂ ಲೋಹಿತ ಸುಡುತ್ತಿದ್ದ. ಬಿದ್ದ ಬಾಣದ ಆಸೆಗೆ ಓಡಿ ಹೋಗುತ್ತಿದ್ದ ಇಸಾಕನೂ ಆಗಾಗ ಸುಡುತ್ತಿದ್ದ. ವಿದ್ಯಾಳ ಔಷಧಿಯೆಲ್ಲ ಪಿಶಾಚಿಗಳು ಮಾಡಿದ ಗಾಯಕ್ಕಿಂತ ಸುಧಾರಾಣಿ ಮಾಡಿದ ಗಾಯಕ್ಕೇ ಖರ್ಚಾಗುತ್ತಿತ್ತು.

“ನೋಡಿ ಬೆಂಕಿ ಒಗಿ ಅಕ್ಕಾ,” ಎನ್ನುತ್ತಿದ್ದ ಲೋಹಿತ.

“ನಾ ಹೇಳೇ ಒಗ್ಯಾಕತ್ತೇನಿ. ‘ಸರಿ’ ಅಂದೆ. ನೀ ಸರದೇನು?”

“ನೀ ಯಾವಾಗ ಅಂದಿ?”

“ಅಂದ್ಲು,” ಎಂದಳು ವಿದ್ಯಾ. “ಎಲ್ಡ್ ಸಲ ಅಂದ್ಲು. ನೀ ಮಂಡಕ್ಕಿ ತಿನ್ನಾಕತ್ತಿದ್ದಿ.”

ಇಸಾಕ ಒಂದು ಉಪಾಯ ಹುಡುಕಿದ. ಆಟದ ಸೆಟಿಂಗಿನಲ್ಲಿ ಒಂದು ಗುಂಡಿ ಇತ್ತು. ಅದನ್ನು ಆರಿಸಿದರೆ ನಮ್ಮವರ ಬೆಂಕಿ ನಮ್ಮವರನ್ನು ಸುಡುವುದಿಲ್ಲ. ಆರಿಸಿದರು. ಆ ಭಾನುವಾರ ಸುಧಾರಾಣಿ ಹೊಲಕ್ಕೆ ಗೊಬ್ಬರ ಎರಚಿದ ಹಾಗೆ ಬೆಂಕಿ ಎರಚಿದಳು. ಲೋಹಿತ ಉರಿಯ ನಡುವೆ ನಿಂತು ಆಕಳಿಸಿದ. ಹೊತ್ತು ಇಳಿಯುವ ಮೊದಲೇ ಮೂರು ಗುಹೆ ಮುಗಿದವು, ಯಾರಿಗೂ ಖುಷಿಯಾಗಲಿಲ್ಲ. ತಿರುಗಿ ಆ ಗುಂಡಿಯನ್ನು ಒತ್ತಿದವಳು ಸುಧಾರಾಣಿಯೇ. ಸುಡದೇ ಇರುವ ಬೆಂಕಿ ಹಿಡಿದುಕೊಂಡು ತಾನೇನು ದೀಪಾವಳಿ ಆಚರಿಸಬೇಕೇ ಎಂದು ಕೇಳಿದಳು.

ಮುಂದಿನ ವಾರ ಮೂವರೂ ಸೇರಿ ಬೇರೆ ಉಪಾಯ ಮಾಡಿಕೊಂಡು ಬಂದಿದ್ದರು. ಹೇಳುವ ಕೆಲಸ ಲೋಹಿತನ ತಲೆಗೆ ಬಂತು.

“ಅಕ್ಕಾ, ಒಂದ್ ಸ್ವಲ್ಪ ದಿನ ಬೆಂಕಿ ಬ್ಯಾಡ. ನಿನ್ನ ಕೈಯಾಗ ಒಂದ್ ಕೋಲ್ ಐತಲ್ಲ, ಅದರ್ಲೆ ಹೊಡಿ.”

ಮಾಂತ್ರಿಕಿಯ ಕೈಯಲ್ಲಿ ಒಂದು ಕೋಲು ಇತ್ತು, ನಿಜ. ಅದರಿಂದ ಹೊಡೆದರೆ ಇಲಿಗೂ ನೋವಾಗುತ್ತಿರಲಿಲ್ಲ. ಸುಧಾರಾಣಿ ಕೋಲು ಎತ್ತಿಕೊಂಡಳು. ಆ ದಿನ ಗುಹೆಯಲ್ಲಿ ನಿಜವಾಗಿಯೂ ಇಲಿಗಳೇ ಬಂದವು, ನಾಯಿಯಷ್ಟು ದೊಡ್ಡವು, ಹಿಂಡು ಹಿಂಡಾಗಿ. ಲೋಹಿತ ಅಡಿಗೆ ಬಿದ್ದ, ಇಸಾಕನ ಬಾಣ ಮುಗಿದವು, ವಿದ್ಯಾ ಓಡಿದಳು. ಸುಧಾರಾಣಿ ಮೂಲೆಯಲ್ಲಿ ನಿಂತು ಒಂದೇ ಇಲಿಗೆ ಟಪ್ ಟಪ್ ಎಂದು ಕೋಲಿನಿಂದ ಹೊಡೆಯುತ್ತಲೇ ಇದ್ದಳು. ಎಲ್ಲರೂ ಸತ್ತ ಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಮನೆಗೆ ಹೋದಳು. ರಾತ್ರಿ ತಮ್ಮನಿಗೆ ಬಡಿಸುವಾಗ ರೊಟ್ಟಿ ತಟ್ಟೆಗೆ ಬಿದ್ದ ಸದ್ದು ಕೇಳಿ ತಾಯಿ ದಾನವ್ವ ಒಳಗಿನಿಂದ “ಏನಾತು?” ಎಂದು ಕೇಳಿದಳು. ಅಕ್ಕ-ತಮ್ಮ ಇಬ್ಬರೂ ಏನೂ ಇಲ್ಲ ಎಂದರು.

ಅವಳಿಗೆ ಬೇಜಾರಾದದ್ದು ಕೋಲಿನಿಂದಲ್ಲ. ತಾನು ಕೂಗಿದ್ದು ಯಾರ ಕಿವಿಗೂ ಬೀಳುವುದಿಲ್ಲ ಎಂಬುದರಿಂದ. ಬಸ್ಸಿನಲ್ಲೂ ಅಷ್ಟೇ, ಅಟ್ಟದಲ್ಲೂ ಅಷ್ಟೇ.

ಸೋಮವಾರ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಬರಬೇಕಿತ್ತು. ಬಸ್ಸಿನ ಹಿಂದೆ ಒಬ್ಬ ಮನುಷ್ಯ ಫೋನಿನಲ್ಲಿ ಮಾತಾಡುತ್ತ, ಬೆನ್ನು ತೋರಿಸಿ ನಿಂತಿದ್ದ. ಸುಧಾರಾಣಿ “ಸರೀರಿ ಯಜಮಾನ್ರ” ಎಂದಳು. ಅವನು ಸರಿಯಲಿಲ್ಲ. ಬಾಯಿಗೆ ಸೀಟಿ ಇಟ್ಟು ತುಂಡು ತುಂಡಾಗಿ ಊದಿದಳು. ಮನುಷ್ಯ ಕುಪ್ಪಳಿಸಿ ಕಟ್ಟೆ ಹತ್ತಿದ, ಫೋನಿನ ಮಾತು ಮಾತ್ರ ನಿಲ್ಲಲಿಲ್ಲ. ಅವನು ತಿರುಗಿ ಸಹ ನೋಡಿರಲಿಲ್ಲ. ತಲೆಗೆ ಮುಟ್ಟುವ ಮೊದಲೇ ಸೀಟಿ ಕಾಲಿಗೆ ಮುಟ್ಟಿತ್ತು. ಸ್ಟೇರಿಂಗಿನ ಹಿಂದೆ ಡ್ರೈವರ್ ಉಡಚಪ್ಪ, ಕನ್ನಡಿಯನ್ನೂ ನೋಡದೆ, ಅವಳ ಸೀಟಿಯ ಲೆಕ್ಕದ ಮೇಲೆಯೇ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಿದ. ವರ್ಷಗಟ್ಟಲೆ ಜೋಡಿಯಾಗಿ ಬಸ್ಸು ಓಡಿಸಿದವರು; ಹತ್ತು ಬಸ್ಸುಗಳ ಗದ್ದಲದಲ್ಲೂ ಅವಳ ಸೀಟಿ ಅವನಿಗೆ ಬೇರೆಯಾಗಿ ಕೇಳುತ್ತಿತ್ತು.

ಮುಂದಿನ ಭಾನುವಾರ ಸುಧಾರಾಣಿ ಸೀಟಿ ಕೊರಳಿಗೆ ಹಾಕಿಕೊಂಡೇ ಅಟ್ಟ ಹತ್ತಿದಳು.

“ಒಂದ್ ಉದ್ದ ಸೀಟಿ ಊದಿದ್ರ ಇದ್ದಲ್ಲೇ ನಿಲ್ಲೂದು. ತುಂಡ್ ತುಂಡ್ ಊದಿದ್ರ ಹಿಂದಕ್ಕ ಸರಿಯೂದು. ಎಲ್ಡ್ ಊದಿದ್ರ ಬೆಂಕಿ ಬಿದ್ದಾತು, ಮುಂದ ನುಗ್ಗೂದು. ಬಸ್ಸಿನ್ಯಾಗ ಹೆಂಗೈತೋ ಹಂಗ. ಏನರ ಡೌಟ್ ಐತಿ?”

“ನಾವೇನ್ ಬಸ್ಸೇನಕ್ಕಾ?” ಎಂದ ಇಸಾಕ.

“ಬಸ್ಸು ಮಾತ್ ಕೇಳ್ತೈತಿ.”

ಅಸ್ಥಿಪಂಜರಗಳು ಬಂದವು. ಲೋಹಿತ ಎಂದಿನಂತೆ ನಡುವೆ ಹೊಕ್ಕ. ಸುಧಾರಾಣಿ ತುಂಡು ಸೀಟಿ ಊದಿದಳು. ಲೋಹಿತನ ಯೋಧ ಮಾತ್ರವಲ್ಲ, ಲೋಹಿತನ ಕುರ್ಚಿಯೂ ಹಿಂದಕ್ಕೆ ಸರಿಯಿತು. ಖಾಲಿಯಾದ ಜಾಗಕ್ಕೆ ಬೆಂಕಿ ಬಿತ್ತು. ಎರಡು ಸೀಟಿ. ಮೂವರೂ ನುಗ್ಗಿದರು. ಆ ಸಂಜೆ ಯಾರೂ ಸುಡಲಿಲ್ಲ. ವಿದ್ಯಾ ತನ್ನ ಚೀಲದಲ್ಲಿ ಔಷಧಿ ಉಳಿದದ್ದನ್ನು ಎಲ್ಲರಿಗೂ ಕರೆದು ತೋರಿಸಿದಳು.

ಕೆಳಗೆ ಶಟರ್ ಎಳೆಯುವಾಗ ಸುಧಾರಾಣಿ ತಮ್ಮನನ್ನು ಕೇಳಿದಳು. “ಲೋಹ್ಯಾ, ನಾ ಬಾಯಿಲೆ ಹೇಳಿದ್ರ ಯಾಕ ಸರೀಲಿಲ್ಲೋ ನೀ?”

ಅವನು ಬೀಗ ಹಾಕುತ್ತ ಯೋಚಿಸಿದ. “ಹುಟ್ಟಿದಾಗಿಂದ ನಿನ್ನ ದನಿ ಕೇಳೇನಿ ಅಕ್ಕಾ. ಫ್ಯಾನಿನ ಸಪ್ಪಳ ಇದ್ದಂಗ ಅದು. ಬಂದ್ ಆದ್ರ ಅಷ್ಟ ಗೊತ್ತಾಗ್ತೈತಿ.”

ಇದು ಹೊಗಳಿಕೆಯೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ತಲೆಯ ಮೇಲೆ ಒಂದು ಬಿಟ್ಟಳು.

ಶಿಗ್ಗಾಂವಿಯ ಯುವಕರ ಸಂಘದವರು ಇದೇ ಆಟದ ಪಂದ್ಯ ಇಟ್ಟಿದ್ದಾರೆಂಬ ಸುದ್ದಿ ತಂದವನು ಇಸಾಕ. ನಾಲ್ಕು ತಂಡಗಳು ಒಂದೇ ಗುಹೆಯನ್ನು ಬೇರೆ ಬೇರೆಯಾಗಿ ಆಡಬೇಕು. ಯಾರು ಮೊದಲು ಗುಹೆಯ ರಾಣಿಯ ಕಿರೀಟ ತರುತ್ತಾರೋ ಅವರು ಗೆದ್ದಂತೆ. ನಮ್ಮ ಬೆಂಕಿ ನಮ್ಮನ್ನೇ ಸುಡುವುದು ಅಲ್ಲಿ ಕಡ್ಡಾಯ. ತೊಂದರೆ ಒಂದೇ: ಮದುವೆಯ ಸುಗ್ಗಿ ಎಂದು ಡಿಪೋದಲ್ಲಿ ಆ ಭಾನುವಾರದ ರಜೆಗಳನ್ನೆಲ್ಲ ರದ್ದು ಮಾಡಿದ್ದರು. ಸುಧಾರಾಣಿ ಬೆಳಿಗ್ಗೆ ಫೋನ್ ಮಾಡಿ, ದನಿ ಸಣ್ಣಗೆ ಮಾಡಿಕೊಂಡು, ವಾಂತಿ-ಭೇದಿ ಎಂದಳು. ಎಷ್ಟು ಸಲ ಎಂದು ಅತ್ತಲಿಂದ ಕೇಳಿದಾಗ “ಎಣಿಸಾಕ ಆಗವಲ್ದು ಸರ್” ಎಂದಳು.

ಪಂದ್ಯ ನಡೆದದ್ದು ಬಸ್ ನಿಲ್ದಾಣದ ಎದುರಿನ ಖಾನಾವಳಿಯ ಮೇಲಿನ ಹಾಲಿನಲ್ಲಿ. ಫ್ಯಾನು ತಿರುಗುತ್ತಿರಲಿಲ್ಲ, ಹಾಗಾಗಿ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಉಡಚಪ್ಪನ ಬಸ್ಸು ಇದೇ ನಿಲ್ದಾಣಕ್ಕೆ ಬರುತ್ತದೆ ಎಂಬುದು ಸುಧಾರಾಣಿಗೆ ಗೊತ್ತಿತ್ತು. ಆದರೆ ಪಂದ್ಯ ಶುರುವಾಗುವ ಹೊತ್ತಿಗೆ ಅದು ಸವಣೂರು ಮುಟ್ಟಿರುತ್ತದೆ ಎಂದು ಲೆಕ್ಕ ಹಾಕಿ ನಿಶ್ಚಿಂತಳಾಗಿದ್ದಳು. ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ತಡವಾದದ್ದು ಅವಳ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಪಕ್ಕದ ಮೇಜಿನಲ್ಲಿ ಹುಲಗೂರಿನ ತಂಡ. ಸುಧಾರಾಣಿ ಮೊದಲ ಉದ್ದ ಸೀಟಿ ಊದಿದಾಗ ಲೋಹಿತ ನಿಂತ, ಇಸಾಕ ನಿಂತ, ಹುಲಗೂರಿನ ಯೋಧನೂ ನಿಂತ. ಅವನ ಗುಹೆಯ ಚೇಳು ಅವನನ್ನು ಕುಟುಕಿತು. ಹುಲಗೂರಿನವರು ತಕರಾರು ಎತ್ತಿದರು. ಸಂಘದ ಅಧ್ಯಕ್ಷ ಸುನೀಲ ನಿಯಮಗಳನ್ನು ಓದಿ, ಸೀಟಿ ಊದಬಾರದು ಅಂತ ಎಲ್ಲೂ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಆಟ ಮುಂದುವರಿಯಿತು. ಸುಧಾರಾಣಿಯ ತಂಡ ಮುಂದಿತ್ತು. ರಾಣಿಯ ಕೋಣೆಯ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಕಾವಲಿನ ಭೂತಗಳ ಗುಂಪು, ಗುಂಪಿನೊಳಗೆ ಲೋಹಿತ.

ತುಂಡು ಸೀಟಿ. ಲೋಹಿತ ಹಿಂದಕ್ಕೆ ಬಂದ. ಬೆಂಕಿ ಬಿತ್ತು. ಭೂತಗಳು ಒಣ ಎಲೆಯಂತೆ ಉರಿದವು. ಸುಧಾರಾಣಿ ಎದೆ ತುಂಬ ಉಸಿರೆಳೆದು ಎರಡು ಸೀಟಿ ಊದಿದಳು. ಮೊದಲನೆಯದು ಗಿಡ್ಡ, ಎರಡನೆಯದು ಎಳೆದು. ಅದು ಅವಳ ರೀತಿ.

ಕಿಟಕಿಯ ಹೊರಗೆ ಒಂದು ಬಸ್ಸು ಗೇರ್ ಹಾಕಿದ ಸದ್ದಾಯಿತು. ಅವಳಿಗೆ ಆ ಗೇರಿನ ಸದ್ದು ಪರಿಚಯದ್ದು.

ಅವಳು ಕಿಟಕಿಗೆ ಹೋಗಿ ನೋಡುವಷ್ಟರಲ್ಲಿ ಉಡಚಪ್ಪನ ಬಸ್ಸು ಜನ ತುಂಬಿಕೊಂಡು ಸವಣೂರಿನ ಕಡೆ ತಿರುಗಿತ್ತು. ಅದರ ಹಿಂದೆ ಒಬ್ಬ ದಪ್ಪ ಮನುಷ್ಯ, ಬಗಲಿಗೆ ಟಿಕೆಟ್ ಮಷೀನು, ಕೈಯಲ್ಲಿ ಚಹಾದ ಕಪ್ಪು, ಓಡುತ್ತಿದ್ದ. ಚಹಾ ಚೆಲ್ಲದ ಹಾಗೆ ಓಡುತ್ತಿದ್ದುದರಿಂದ ವೇಗ ಸಾಲಲಿಲ್ಲ. ಅವಳ ಬದಲಿಗೆ ಆ ದಿನ ಬಂದಿದ್ದ ಕಂಡಕ್ಟರ್ ಶಂಭುಲಿಂಗ ಅವನು.

ಶಂಭುಲಿಂಗ ಚಹಾ ಮುಗಿಸಿ, ಸೀಟಿಯ ಮೂಲ ಹುಡುಕಿಕೊಂಡು, ಮೆಟ್ಟಿಲು ಹತ್ತಿ ಹಾಲಿನ ಬಾಗಿಲಲ್ಲಿ ಬಂದು ನಿಂತ. ಸುಧಾರಾಣಿಯ ಬಾಯಲ್ಲಿ ಸೀಟಿ ಇನ್ನೂ ಹಾಗೆಯೇ ಇತ್ತು.

“ಆರಾಮಿಲ್ಲಂತಿದ್ರಿ?” ಎಂದ ಶಂಭುಲಿಂಗ.

ಅವಳು ಸೀಟಿ ತೆಗೆದಳು. “ಈಗ ಒಂದೀಟು ಕಡಿಮಿ ಐತ್ರಿ ಶಂಭಣ್ಣಾ.”

“ನನ್ನ ಬಸ್ ಹೋತು.”

“ನೋಡಿದ್ನಿರಿ.”

“ಅಕ್ಕಾ, ರಾಣಿ ಬಂದ್ಲು,” ಎಂದು ಲೋಹಿತ ಹಿಂದಿನಿಂದ ಕೂಗಿದ. “ಬೆಂಕಿ ಒಗಿ.”

ಉಡಚಪ್ಪ ಬಸ್ಸು ಓಡಿಸುವಾಗ ಫೋನು ಎತ್ತುವವನಲ್ಲ. ಆ ಶಿಸ್ತನ್ನು ಬೈದು ಬೈದು ಕಲಿಸಿದವಳೂ ಇವಳೇ. ಬಸ್ಸಿನಲ್ಲಿ ಜನ, ಟಿಕೆಟ್ ಕೊಡುವವರಿಲ್ಲ, ದಾರಿಯಲ್ಲಿ ತಪಾಸಣೆಯವರು ಹತ್ತಿದರೆ ಮುಗಿಯಿತು. ಸುಧಾರಾಣಿ ಒಮ್ಮೆ ಪರದೆಯನ್ನು ನೋಡಿದಳು. ಗುಹೆಯ ರಾಣಿ, ಜೇನುಹುಳಗಳ ದಂಡು ಕಟ್ಟಿಕೊಂಡು, ಬಹಳ ಚೆಂದವಾಗಿ ಒಂದೇ ವೃತ್ತದೊಳಗೆ ನಿಂತಿದ್ದಳು. ಇಂಥ ಜಾಗ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವಳ ಹೊಟ್ಟೆ ಉರಿಯಿತು.

“ಇಸಾಕ, ಗಾಡಿ ತೆಗಿ,” ಎಂದಳು.

“ಈಗೇನಕ್ಕಾ?”

“ಈಗ.”

ಗೂಡ್ಸ್ ಗಾಡಿಯ ಮುಂದೆ ಇಸಾಕ ಮತ್ತು ಶಂಭುಲಿಂಗ ಕೂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಸುಧಾರಾಣಿ ಹಿಂದೆ ಎಲೆಯ ಬುಟ್ಟಿಗಳ ನಡುವೆ ಕಂಬಿ ಹಿಡಿದು ನಿಂತಳು. ಗಾಳಿಗೆ ವೀಳ್ಯದೆಲೆಗಳು ಎದ್ದು ಅವಳ ಮುಖಕ್ಕೆ ಬಡಿಯುತ್ತಿದ್ದವು. ಇಸಾಕ ಹಾರ್ನ್ ಹೊಡೆದ, ದೀಪ ಹಾಕಿದ, ಶಂಭುಲಿಂಗ ಕಿಟಕಿಯಿಂದ ಕೈ ಬೀಸಿದ. ಬಸ್ಸು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಸುಧಾರಾಣಿ ಬಾಯಿಗೆ ಸೀಟಿ ಇಟ್ಟು ಒಂದು ಉದ್ದ ಊದಿದಳು. ಬಸ್ಸು ರಸ್ತೆಯ ಬದಿಗೆ ತೆಗೆದುಕೊಂಡು, ಇಂಡಿಕೇಟರ್ ಹಾಕಿ, ಮರ್ಯಾದೆಯಿಂದ ನಿಂತಿತು.

ಉಡಚಪ್ಪ ಕೆಳಗಿಳಿದು ಬಂದ. ಅವನ ಮುಖದಲ್ಲಿ ತಪ್ಪು ಮಾಡಿದ ಗುರುತು ಇರಲಿಲ್ಲ.

“ನಿಮ್ಮ ಸೀಟಿ ಕೇಳ್ತರಿ ಅಕ್ಕಾರ, ಬಿಟ್ಟೆ. ನೀವು ಇವತ್ತು ರಜಾ ಅಂಬೂದು ನೆನಪಾತು. ಆದ್ರ ಅಷ್ಟೊತ್ತಿಗೆ ಗೇರ್ ಬಿದ್ದಿತ್ತು.”

“ನೆನಪಾದ ಮ್ಯಾಲೆ ನಿಲ್ಲಸ್ಬೇಕಿಲ್ಲೇನೋ?” ಎಂದ ಶಂಭುಲಿಂಗ.

“ನಿಲ್ಲು ಅಂತ ಸೀಟಿ ಬರ್ಲಿಲ್ಲಲ್ರಿ.”

ಬಸ್ಸಿನೊಳಗೆ ಜನ ಯಾರೂ ಗದ್ದಲ ಮಾಡಿರಲಿಲ್ಲ. ಟಿಕೆಟ್ ಇಲ್ಲದೆ ಹೋಗುವುದರಲ್ಲಿ ಅವರಿಗೆ ಅಂಥ ತಕರಾರಿರಲಿಲ್ಲ. ತಕರಾರು ಇದ್ದದ್ದು ಮುಂದಿನ ಸೀಟಿನ ಅಡಿವೆವ್ವನಿಗೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದರೂ ಸೊನ್ನೆ ಬರೆದ ಚೀಟಿ ಕೊಡಬೇಕು, ಅದು ತನ್ನ ಹಕ್ಕು, ಅದನ್ನು ಕೊಡುವ ಮನುಷ್ಯನನ್ನೇ ಬಿಟ್ಟು ಬಂದದ್ದು ಏಕೆ ಎಂದು ಅವಳು ಕೇಳಿದಳು. ಶಂಭುಲಿಂಗ ಎಲ್ಲರಿಗಿಂತ ಮೊದಲು ಅವಳಿಗೇ ಚೀಟಿ ಹರಿದು ಕೊಟ್ಟ. ಆದರೂ ಅವಳು ಡಿಪೋಕ್ಕೆ ಫೋನ್ ಮಾಡುವುದನ್ನು ಬಿಡಲಿಲ್ಲ.

ಸುಧಾರಾಣಿ ಮತ್ತು ಇಸಾಕ ತಿರುಗಿ ಹಾಲಿಗೆ ಬಂದಾಗ ಹುಲಗೂರಿನವರು ಪೇಡೆ ಹಂಚುತ್ತಿದ್ದರು. ಲೋಹಿತ ಜೇನುಹುಳಗಳ ನಡುವೆ ಸತ್ತು ಬಿದ್ದಿದ್ದ, ವಿದ್ಯಾ ಔಷಧಿ ಮುಗಿಸಿಕೊಂಡು ಅವನ ಮೇಲೆಯೇ ಬಿದ್ದಿದ್ದಳು. ಲೋಹಿತ ಮೌಸನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ನೀ ಇದ್ದಿದ್ರ ನನ್ನ ಸುಟ್ಟಾದ್ರೂ ಗೆಲ್ಲಸ್ತಿದ್ದಿ,” ಎಂದ. ಅವನ ಬಾಯಿಂದ ಅಷ್ಟು ಒಳ್ಳೆಯ ಮಾತನ್ನು ಸುಧಾರಾಣಿ ಕೇಳಿರಲಿಲ್ಲ. ತನ್ನ ಪಾಲಿನ ಪೇಡೆಯನ್ನೂ ಅವನಿಗೇ ಕೊಟ್ಟಳು.

ಮರುದಿನ ಡಿಪೋದ ಮ್ಯಾನೇಜರ್ ಕರಬಸಪ್ಪ ಸುಧಾರಾಣಿ, ಉಡಚಪ್ಪ, ಶಂಭುಲಿಂಗ ಮೂವರನ್ನೂ ಒಟ್ಟಿಗೆ ಕರೆಸಿದರು. ಮೂವರೂ ಗೋಡೆಗೆ ಒತ್ತಿ ನಿಂತರು. ಶಂಭುಲಿಂಗ “ಸರ್, ಈ ಉಡಚಪ್ಪ…” ಎಂದು ಶುರು ಮಾಡಿದ. ಉಡಚಪ್ಪ “ಚಹಾ…” ಎಂದ. ಶಂಭುಲಿಂಗ ಬಾಯಿ ಮುಚ್ಚಿದ. ಹೇಳದೆ ಬಸ್ಸು ಬಿಟ್ಟು ಇಳಿದವನು ಅವನು, ನೋಡದೆ ಬಸ್ಸು ಒಯ್ದವನು ಇವನು. ಬಾಯಿ ಬಿಟ್ಟರೆ ಇಬ್ಬರೂ ಸುಡುತ್ತಿದ್ದರು. ಇಬ್ಬರೂ ಓರೆಗಣ್ಣಿನಿಂದ ಸುಧಾರಾಣಿಯನ್ನು ನೋಡಿದರು. ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು.

“ಸೀಟಿ ನಂದು ಸರ್,” ಎಂದಳು. “ವಾಂತಿ-ಭೇದಿ ಅಂದದ್ದು ಸುಳ್ಳು. ಶಿಗ್ಗಾಂವ್ಯಾಗ ಆಟ ಆಡಾಕ ಹೋಗಿದ್ದೆ. ಉಡಚಪ್ಪಣ್ಣ ಸೀಟಿ ಕೇಳಿ ಬಸ್ ಬಿಟ್ರು. ಉಳಿದದ್ದು ನಾ ಹೇಳಂಗಿಲ್ಲ.”

ಕರಬಸಪ್ಪನವರು ಕನ್ನಡಕ ತೆಗೆದರು. “ಎಂಥಾ ಆಟ?”

ಅವಳು ಹೇಳಿದಳು. ಗುಹೆ, ಕೆಂಪು ವೃತ್ತ, ತಮ್ಮ ಸುಟ್ಟದ್ದು, ಕೋಲು, ಇಲಿ. ಕರಬಸಪ್ಪನವರು ನಡುವೆ ಒಂದೇ ಪ್ರಶ್ನೆ ಕೇಳಿದರು: ಬೆಂಕಿ ಒಗೆದ ಮೇಲೆ ತಿರುಗಿ ಒಗೆಯಲು ಎಷ್ಟು ಹೊತ್ತು ಕಾಯಬೇಕು? ಆಮೇಲೆ ಕನ್ನಡಕ ಹಾಕಿಕೊಂಡು, ಅವಳ ಆ ದಿನದ ಸಂಬಳ ಹಿಡಿದು, ಅವಳನ್ನು ಹಿರೇಕೆರೂರಿನ ದಾರಿಗೆ ಬದಲಾಯಿಸಿದರು. ಉಳಿದಿಬ್ಬರಿಗೆ ಬೈದು ಕಳಿಸಿದರು.

ಹೊರಗೆ ಉಡಚಪ್ಪ, “ಹೊಸಾ ಕಂಡಕ್ಟರ್ ಸೀಟಿ ಹೆಂಗಿರ್ತೈತೋ ಏನೋ ಅಕ್ಕಾರ,” ಎಂದ.

“ಎರಡ್ ದಿನ ಕಿವಿಗೊಟ್ಟ ಕೇಳ್ರಿ. ಬ್ಯಾರೆ ಏನ್ ಮಾಡೂದೈತಿ,” ಎಂದಳು ಸುಧಾರಾಣಿ. ಮುಖ ಬೇರೆ ಕಡೆ ತಿರುಗಿಸಿಯೇ ಹೇಳಿದಳು.

ಹಿರೇಕೆರೂರಿನ ದಾರಿಯಲ್ಲಿ ಒಂದು ಲಾಭವಿತ್ತು. ಸಂಜೆ ಲ್ಯಾಬು ಮುಗಿಸಿದ ವಿದ್ಯಾ ಹಂಸಭಾವಿಯಲ್ಲಿರುವ ತನ್ನ ಅಕ್ಕನ ಮನೆಗೆ ಹೋಗುವಾಗ ಸುಧಾರಾಣಿಯ ಬಸ್ಸನ್ನೇ ಹತ್ತುತ್ತಿದ್ದಳು. ಟಿಕೆಟ್ ಮುಗಿದ ಮೇಲೆ ಸುಧಾರಾಣಿ ವಿದ್ಯಾ ಕುಳಿತ ಸೀಟಿನ ಕಂಬಿಗೆ ಆತು ನಿಲ್ಲುತ್ತಿದ್ದಳು, ಮುಂದಿನ ಭಾನುವಾರದ ಮಾತು ನಡೆಯುತ್ತಿತ್ತು.

“ಈ ಸಲ ನಿನ್ನ ತಮ್ಮನ್ನ ಸುಡಬ್ಯಾಡಕ್ಕಾ. ನನ್ನ ಹತ್ರ ಔಷಧ ಕಡಿಮಿ ಅದಾವ,” ಎಂದಳು ವಿದ್ಯಾ ಒಂದು ಸಂಜೆ.

“ಸೀಟಿ ಊದಿದ್ರೂ ಸರೀಲಿಲ್ಲಂದ್ರ ಸುಡಾಕಬೇಕು. ಬ್ಯಾರೆ ದಾರಿ ಇಲ್ಲ.”

ವಿದ್ಯಾಳ ಪಕ್ಕದಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕುಳಿತಿದ್ದ ಮುದುಕಿ ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳು ಸುಧಾರಾಣಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಯಾಕವ್ವಾ ತಮ್ಮನ್ನ ಸುಡ್ತಿ? ಹೊಲದ ಜಗಳೇನು?”

“ಹೊಲಾ ಎಲ್ಲಿದ್ಬೇ ನಮ್ಗ. ಹೇಳಿದ ಮಾತ್ ಕೇಳಂಗಿಲ್ಲ ಅಂವ.”

“ಸಣ್ಣಾಂವೇನು?”

“ಮೂವತ್ತರ ಮ್ಯಾಲಾಗ್ಯಾವ.”

ಮುದುಕಿ ಕೈಚೀಲ ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡಿದಳು. ಹೊರಗೆ ಕಟಾವಾದ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು.

“ಹಂಗಾರ ಒಂದೀಟು ಸುಡು,” ಎಂದಳು. “ಪೂರ್ತಿ ಬ್ಯಾಡ.”